ಹೆಸರು ಕೊರೆಸಿದ ಡಬರಿ

ಹೋದ ವರ್ಷ ಬೀದಿಯವರೆಲ್ಲ ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಂಡ ದಿನ, ಶಾಂಭವಿಯ ಚಿತ್ರಾನ್ನ ಬಾಯಿಗಿಟ್ಟ ಎದುರುಮನೆಯ ಸರ್ವಮಂಗಳಾ, "ಜ್ವರ ಬಂದೋರಿಗೆ ಒಳ್ಳೇದು" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಸರ್ವಮಂಗಳಾಳ ಹೆಸರನ್ನು ದೊಡ್ಡದಾಗಿ ಕೊರೆಸಿದ್ದ ಸ್ಟೀಲ್ ಡಬರಿಯೊಂದು ಅವತ್ತಿನ ಗಡಿಬಿಡಿಯಲ್ಲಿ ಶಾಂಭವಿಯ ಮನೆ ಸೇರಿತ್ತು.

ಈ ವರ್ಷ ಶಾಂಭವಿ ಅದೇ ಡಬರಿಯ ತುಂಬ ಹಾಗಲಕಾಯಿ ಪಲ್ಯ ತುಂಬಿದಳು. ರುಚಿ ನೋಡಿದ ಗಂಡ ಮುಖ ಕಿವುಚಿದ.

"ಬೆಲ್ಲ ಹಾಕೋದು ಮರೆತ್ಯೇನೇ?"

"ಮರೆತಿಲ್ಲ."

"ಇದನ್ನ ಯಾರು ತಿಂತಾರೆ?"

"ತಿಂದೋರು ಡಬರಿ ಮೇಲಿನ ಹೆಸರು ಓದ್ತಾರೆ."

ಎಲ್ಲರಿಗಿಂತ ಮೊದಲೇ ಹೋಗಿ ಅದನ್ನು ಮೇಜಿನ ಮೇಲಿಟ್ಟು, ಹೆಸರನ್ನು ಜನರ ಕಡೆಗೆ ತಿರುಗಿಸಿ ಬಂದಳು.

ಆದರೆ ಉಳಿದವರೆಲ್ಲ ಸಿಹಿಯನ್ನೇ ತಂದಿದ್ದರು. ಕೇಸರಿಭಾತ್, ಪಾಯಸ, ಹೋಳಿಗೆ, ಮತ್ತೆ ಕೇಸರಿಭಾತ್. ಸರ್ವಮಂಗಳಾ ತಂದದ್ದೂ ಕೇಸರಿಭಾತೇ. ಸಿಹಿ ತಿಂದು ತಿಂದು ಬಾಯಿ ಕೆಟ್ಟವರೆಲ್ಲ ಕಹಿಯ ಮೇಲೆ ಮುಗಿಬಿದ್ದರು.

"ಸರ್ವಮಂಗಳಮ್ಮ, ಇಂಥಾ ಪಲ್ಯ ತಿಂದು ಎಷ್ಟು ಕಾಲ ಆಗಿತ್ತು!" ಎಂದರು ಮೂಲೆಮನೆಯ ಮೇಷ್ಟ್ರು, ಡಬರಿಯ ತಳ ಕೆರೆಯುತ್ತ.

ಸರ್ವಮಂಗಳಾ ಡಬರಿಯನ್ನು ನೋಡಿದಳು. ಆಮೇಲೆ ಶಾಂಭವಿಯನ್ನು ನೋಡಿದಳು.

"ನಮ್ಮತ್ತೆ ಕಲಿಸಿದ್ದು, ಮೇಷ್ಟ್ರೇ."

ಊಟ ಮುಗಿದ ಮೇಲೆ ಅವಳೇ ಡಬರಿ ತೊಳೆದು ತಂದು ಶಾಂಭವಿಯ ಕೈಗಿಟ್ಟಳು.

"ಇದು ನಿಮ್ಮನೇಲೇ ಇರ್ಲಿ. ಮುಂದಿನ ವರ್ಷಾನೂ ಇದೇ ಪಲ್ಯ ತರ್ತೀನಿ ಅಂತ ಎಲ್ರಿಗೂ ಮಾತು ಕೊಟ್ಬಿಟ್ಟಿದೀನಿ."