ಬೆಂಕಿ ಹೊತ್ತಿಸಲು ಇಬ್ಬರು ಬೇಕು

ಗುರುತಿನವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಬಸವಕುಮಾರ್ ಅಪ್ಪನಿಗೆ ಕೈ ಬೀಸಿದ. ಮಗನ ಬಲವಂತಕ್ಕೆ ಮೀಸೆಗೆ ಕಪ್ಪು ಹಚ್ಚಿಕೊಂಡಿದ್ದ ಷಡಕ್ಷರಪ್ಪನವರು ಕಳ್ಳನ ಹಾಗೆ ಒಳಗೆ ಬಂದರು.

ಹೆಣ್ಣು ನೋಡಲು ಮ್ಯೂಸಿಯಮ್ಮಿಗೆ ಬರುವವರುಂಟೇ? ಉಪಾಯ ಬಸವಕುಮಾರನದು. ಮನೆಯಲ್ಲಿ ನೋಡಿದರೆ ಅರಸೀಕೆರೆಗೆಲ್ಲ ಸುದ್ದಿ. ಹಳೇಬೀಡಿಗೆ ಬಂದವರೆಲ್ಲ ದೇವಸ್ಥಾನಕ್ಕೆ ಹೋಗುತ್ತಾರೆ. ಹೊಸದಾಗಿ ತೆರೆದ ಈ ಶಿಲಾಯುಗದ ಗ್ಯಾಲರಿಗೆ ನೊಣವೂ ಬರುವುದಿಲ್ಲ. ಹಿಂದಿನ ಸಂಬಂಧ ಊರವರ ಬಾಯಿಗೆ ಸಿಕ್ಕಿಯೇ ಮುರಿದಿತ್ತು. ಇದೂ ತಪ್ಪಿದರೆ ಇನ್ನೊಂದು ನೋಡುವುದಿಲ್ಲ ಎಂದು ಅಪ್ಪ ಹೇಳಿಬಿಟ್ಟಿದ್ದರು. ಬಸವಕುಮಾರನಿಗೆ ನಿಜಕ್ಕೂ ಭಯವಾಗಿತ್ತು. ಅಮ್ಮ ಹೋದಮೇಲೆ ಆ ಮನೆಯಲ್ಲಿ ಅಪ್ಪ ಮಗ ಮಾತಾಡುತ್ತಿದ್ದದ್ದು ಕೊಬ್ಬರಿ ರೇಟು ಮಾತ್ರ.

ಬಾಣಾವರದ ಕಮಲಾಕ್ಷಮ್ಮನವರು ಮಗಳು ಅರುಣಾಳೊಂದಿಗೆ ಆಗಲೇ ಬಂದಿದ್ದರು. ಹೊಸ ಸೀರೆಯ ಸೆರಗು ಎಳೆದುಕೊಳ್ಳುತ್ತಿದ್ದರೇ ಹೊರತು ತಲೆಯೆತ್ತಲಿಲ್ಲ. ಅರುಣಾಳ ಫೋನು ಗುಂಯ್‌ಗುಟ್ಟಿತು.

“ಇನ್ನೂ ಏನೂ ಆಗಿಲ್ಲ ಕಣ್ರೀ, ಆಮೇಲೆ ಹೇಳ್ತೀನಿ,” ಎಂದು ಪಿಸುಗುಟ್ಟಿ ಇಟ್ಟಳು.

ಬಸವಕುಮಾರ್ ಕೇಳಿಸದವನಂತೆ ಕಲ್ಲಿನ ಕೊಡಲಿ ನೋಡಿದ.

ಮೂಲೆಯಲ್ಲಿ ‘ಬೆಂಕಿ ಹೊತ್ತಿಸಿ’ ಎಂಬ ಆಟವಿತ್ತು. ಒಬ್ಬರು ಹಲಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಅದರ ಕುಳಿಯಲ್ಲಿ ಕೋಲು ತಿರುಗಿಸಬೇಕು. ಇಬ್ಬರ ಹದ ಕೂಡಿದರೆ ಎದುರಿನ ಪರದೆಯಲ್ಲಿ, ಗುಹೆಯೊಳಗೆ, ಬೆಂಕಿ ಏಳುತ್ತದೆ.

“ಬನ್ನಿ, ನೋಡೇ ಬಿಡೋಣ,” ಎಂದಳು ಅರುಣಾ.

ಬಸವಕುಮಾರ್ ಹಲಗೆ ಹಿಡಿದ. ಅವಳು ತಿರುಗಿಸಿದಳು. ಕೋಲು ಜಾರಿ ಅವನ ಬೆರಳಿಗೆ ಬಡಿಯಿತು. ಪರದೆ ದಾಕ್ಷಿಣ್ಯವಿಲ್ಲದೆ ಹೇಳಿತು: ‘ಈ ರಾತ್ರಿ ಚಳಿಯಲ್ಲೇ ಮಲಗಿ.’

ಷಡಕ್ಷರಪ್ಪನವರ ಮುಖ ಇಳಿದುಹೋಯಿತು. “ನಡಿಯೋ ಹೋಗಣ. ಇದೆಲ್ಲ ಆಗೋ ಕೆಲಸ ಅಲ್ಲ,” ಎಂದು ಬಾಗಿಲ ಕಡೆ ತಿರುಗಿದರು.

ಕಮಲಾಕ್ಷಮ್ಮನವರಿಗೆ ತಡೆಯಲಾಗಲಿಲ್ಲ. “ಹಂಗಾ ತಿರುಗ್ಸೋದು? ಮಜ್ಜಿಗೆ ಕಡೆದು ಗೊತ್ತಿದ್ರೆ ತಾನೆ! ತತ್ತಾ ಇಲ್ಲಿ,” ಎಂದು ಮಗಳ ಕೈಯಿಂದ ಕೋಲು ಕಿತ್ತುಕೊಂಡರು. “ನೀವ್ಯಾಕ್ರೀ ಹೊಂಟ್ರಿ? ಹಲಗೆ ಗಟ್ಟಿಯಾಗಿ ಹಿಡ್ಕಳಿ.”

ಕಾಯಿ ಸುಲಿದು ಪಳಗಿದ ಷಡಕ್ಷರಪ್ಪನವರ ಕೈ ಹಲಗೆಯ ಮೇಲೆ ಕೂತಿತು. ಕೋಲು ಗಿರ್ರೆಂದಿತು. ಪರದೆಯಲ್ಲಿ ಮೊದಲು ಹೊಗೆ, ಆಮೇಲೆ ಕಿಡಿ, ಆಮೇಲೆ ಗುಹೆ ತುಂಬ ಬೆಳಕು.

“ಹತ್ಕಂತಲ್ಲಾ!” ಷಡಕ್ಷರಪ್ಪನವರು ಜೋರಾಗಿ ನಕ್ಕುಬಿಟ್ಟರು. ಅಪ್ಪ ನಕ್ಕದ್ದನ್ನು ಕಂಡು ಎಷ್ಟು ಕಾಲವಾಗಿತ್ತೋ, ಬಸವಕುಮಾರನ ಕಣ್ಣು ತುಂಬಿತು. ಸಂಬಂಧ ಉಳಿಯಿತು ಎಂದುಕೊಂಡ.

ಅರುಣಾ ಅವನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: “ನಮ್ಮಮ್ಮ ನಿಮ್ಮಪ್ಪನ್ನ ಒಪ್ಪಿದಂಗೈತೆ. ಅವರನ್ನೂ ಕೇಳಿ ಮದ್ವೆ ದಿನ ಗೊತ್ತು ಮಾಡಿ, ಅಣ್ಣಾ.”