ಸಂಬೋಧನಾ ವಿಭಕ್ತಿ

“ಚಿನ್ನೂ!”

ಚಿನ್ನು ಬೆಚ್ಚಿ ಪಕ್ಕಕ್ಕೆ ಹಾರಿದಳು. ಹಗ್ಗ ಕಿತ್ತುಕೊಂಡು ನುಗ್ಗಿದ್ದ ಹೋರಿ ಅವಳ ತೋಳು ಸವರಿಕೊಂಡೇ ಬೀದಿಗೆ ಓಡಿತು. ನಾಳೆ ಮೈಸೂರಿನಲ್ಲಿ ಪರೀಕ್ಷೆಯಿದೆ ಎಂದು ಅಂಗಳದಲ್ಲಿ ಓಡಾಡುತ್ತಾ ಲ್ಯಾಟಿನ್ ವಿಭಕ್ತಿಗಳನ್ನು ಉರು ಹೊಡೆಯುತ್ತಿದ್ದವಳಿಗೆ ಅದು ಕಂಡೇ ಇರಲಿಲ್ಲ.

ಕೂಗಿದ್ದು ಯಾರು? ಅವ್ವ ಸೋಮಮ್ಮ ಬಾಬುರಾಯನಕೊಪ್ಪಲಿನ ಡೈರಿಗೆ ಹಾಲು ಹಾಕಲು ಹೋಗಿದ್ದಳು. ಜಗಲಿಯ ಮೇಲಿದ್ದವನು ತಾತ ಜವರಯ್ಯ ಒಬ್ಬನೇ. ಲಕ್ವ ಹೊಡೆದ ಮೇಲೆ ಎಂಟು ತಿಂಗಳಿಂದ ಅವನು ಒಂದು ಮಾತೂ ಆಡಿರಲಿಲ್ಲ. ಈಗ ಅವನ ಎಡಗೈ ಅವಳ ಕಡೆಗೆ ಚಾಚಿಕೊಂಡೇ ಇತ್ತು, ತುಟಿ ನಡುಗುತ್ತಿತ್ತು. ಕರೆಯುವುದಕ್ಕೆಂದೇ ಲ್ಯಾಟಿನ್ನಿನಲ್ಲಿ ಒಂದು ವಿಭಕ್ತಿಯಿದೆ ಎಂದು ಚಿನ್ನು ಬೆಳಿಗ್ಗೆಯಿಂದ ಹತ್ತು ಸಲ ಓದಿದ್ದಳು. ಕರೆಯುವುದೆಂದರೆ ಏನೆಂದು ಅವಳಿಗೆ ತಿಳಿದದ್ದು ಈಗ.

ಖಾಲಿ ಕ್ಯಾನು ಹಿಡಿದು ಬಂದ ಸೋಮಮ್ಮ, “ಯಾಕ್ ಮಗಾ, ಅಂಗ್ ನಿಂತ್ಬುಟ್ಟಿದ್ದೀಯ?” ಎಂದಳು.

“ತಾತ ನನ್ನ ಕೂಗ್ತು ಕಣವ್ವ! ಎಸ್ರಿಡ್ದು ಕೂಗ್ತು!”

ಸೋಮಮ್ಮ ನಂಬದೆ ಮಾವನ ಮುಖ ನೋಡಿದಳು. ಜವರಯ್ಯ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. ಕೊರಳ ನರ ಉಬ್ಬಿತು.

“ಸೋಮವ್ವಾ,” ಎಂದ.