ಎಡಚನ ಗಂಟು

“ಏಯ್ ಕೋತಿ ತಿನ್ನೋನೇ, ಜೀಪ್ ಅಲ್ಲಾಡಿಸ್ಬೇಡ್ವೋ!” ಕ್ಯಾಮೆರಾದಿಂದ ಕಣ್ಣು ತೆಗೆಯದೆಯೇ ಜೆರೆ ಟೀಚರ್ ಗದರಿದರು.

“ನಾನೆಲ್ಲಿ ಅಲ್ಲಾಡಿಸ್ದೆ ಟೀಚರ್? ನಿಮ್ಮ ಹೊಟ್ಟೇಲಿರೋ ಇಲಿಗಳೇ ಓಡಾಡ್ತಿರ್ಬೇಕು,” ಎಂದ ಗೈಡ್ ಕಸೊಂದೆ.

ಆಕೆ ಎಂಗೋನಿ ಬುಡಕಟ್ಟಿನವರು, ಇವನು ಬೆಂಬಾ. ಅಜ್ಜಂದಿರು ಬಡಿದಾಡಿ ಸುಸ್ತಾದ ಮೇಲೆ ಈ ಎರಡು ಬುಡಕಟ್ಟಿಗೆ ಉಳಿದದ್ದು ಗೇಲಿಯ ನಂಟು: ಅವರ ಬಾಯಲ್ಲಿ ಇವರು ಕೋತಿ ತಿನ್ನೋರು, ಇವರ ಬಾಯಲ್ಲಿ ಅವರು ಇಲಿ ತಿನ್ನೋರು. ಏನು ಬೈದರೂ ನಗಬೇಕು, ಮುಖ ಊದಿಸಿಕೊಂಡವನ ಮಾನ ಹೋಯಿತೆಂದೇ ಲೆಕ್ಕ. ನಾಲ್ಕು ದಿನದಿಂದ ಹೀಗೇ ಬೈದಾಡುತ್ತ ಇಬ್ಬರೂ ಲುವಾಂಗ್ವಾ ಕಾಡಿನಲ್ಲಿ ಕಾಡುನಾಯಿಗಳಿಗಾಗಿ ಅಲೆದಿದ್ದರು. ಇವತ್ತು ಬೆಳ್ಳಂಬೆಳಿಗ್ಗೆ ಮೋಪಾನೆ ಮರದಡಿ ಹನ್ನೊಂದು ಒಟ್ಟಿಗೇ ಸಿಕ್ಕಿಬಿಟ್ಟವು. ಟೀಚರ್ ಜೀಪಿನ ಬಾಗಿಲಿಗೆ ಒರಗಿ ಒಂದೇ ಸಮನೆ ಫೋಟೋ ಹೊಡೆಯುತ್ತಿದ್ದರು. ಚಿಲಕ ಮುರಿದಿದ್ದ ಆ ಬಾಗಿಲನ್ನು ಹೊರಡುವಾಗ ಕಸೊಂದೆಯೇ ತಂತಿ ಸುತ್ತಿ ಬಿಗಿದಿದ್ದ.

“ಅಯ್ಯೋ, ಇದರ ಕೊರಳು ನೋಡೋ!” ಟೀಚರ್ ಕ್ಯಾಮೆರಾ ಮುಂದೆ ಹಿಡಿದರು.

ಹಾಲುಣಿಸುವ ಹೆಣ್ಣುನಾಯಿ. ಕತ್ತಿನೊಳಕ್ಕೆ ತಂತಿಯ ಉರುಲು ಇಳಿದು ಸುತ್ತಲೂ ಕೀವುಗಟ್ಟಿತ್ತು. ಕಸೊಂದೆ ಚಿತ್ರವನ್ನು ದೊಡ್ಡದು ಮಾಡಿದ. ತಂತಿಗೆ ಎಡಕ್ಕೆ ಮೂರು ಸುತ್ತು, ತುದಿ ಒಳಕ್ಕೆ ಮಡಚಿದ್ದು. ಇಡೀ ಕಣಿವೆಯಲ್ಲಿ ಹಾಗೆ ಗಂಟು ಹಾಕುತ್ತಿದ್ದ ಎಡಚ ಕಸೊಂದೆಯೊಬ್ಬನೇ.

ಏಳು ವರ್ಷದ ಹಿಂದೆ ಜಿಂಕೆಗೆ ಉರುಲು ಒಡ್ಡುವುದನ್ನು ಬಿಟ್ಟಾಗ, ಕಾವಲುಗಾರರ ಜೊತೆ ತಾನೇ ನಡೆದು ಒಂದೊಂದನ್ನೂ ಕಿತ್ತುಕೊಟ್ಟಿದ್ದ. ಹೊಳೆಯಾಚೆ ಇನ್ನೊಂದಿತ್ತು. ಹೊಳೆ ತುಂಬಿ ಹರಿಯುತ್ತಿತ್ತು, ನೆರೆಗೆ ಕೊಚ್ಚಿಹೋಗಿರುತ್ತದೆ ಬಿಡು ಎಂದುಕೊಂಡ. ಒಂದೂ ಉಳಿದಿಲ್ಲವೆಂದು ಬೈಬಲ್ ಮುಟ್ಟಿ ಆಣೆ ಇಟ್ಟ. ಆ ಆಣೆಯ ಮೇಲೆಯೇ ಗೈಡ್ ಕೆಲಸದ ಪರವಾನಗಿ ಸಿಕ್ಕಿದ್ದು. ಅದು ಸುಳ್ಳೆಂದಾದರೆ ಪರವಾನಗಿಯೂ ಇಲ್ಲ, ಮನೆಯಲ್ಲಿ ನ್ಶಿಮಾ ಮುದ್ದೆಯೂ ಇಲ್ಲ.

ತಲೆಯೆತ್ತಿದಾಗ ಟೀಚರ್ ಬಾಗಿಲಿನ ತಂತಿಯ ಗಂಟನ್ನು ನೋಡುತ್ತಿದ್ದರು. ಮತ್ತೆ ಕ್ಯಾಮೆರಾ ನೋಡಿದರು. ಮತ್ತೆ ತಂತಿ. ಅಲ್ಲೂ ಎಡಕ್ಕೆ ಮೂರು ಸುತ್ತು.

ಅಷ್ಟರಲ್ಲಿ ನಾಯಿಗಳು ಒಂದರ ಹಿಂದೊಂದು ಸೀನತೊಡಗಿದವು. ಸೀನಿದವೆಂದರೆ ಗುಂಪು ಹೊರಟಿತೆಂದೇ ಅರ್ಥ. ಈಗ ಕಣ್ತಪ್ಪಿದರೆ ಮತ್ತೆ ಸಿಗುವುದು ಯಾವ ಕಾಲಕ್ಕೋ, ಅಷ್ಟರಲ್ಲಿ ಈ ತಾಯಿಯೂ ಇಲ್ಲ, ಮರಿಗಳೂ ಇಲ್ಲ. ಕಸೊಂದೆ ವೈರ್‌ಲೆಸ್ ಎತ್ತಿ ಪಶುವೈದ್ಯೆಯನ್ನು ಕರೆದ. “ಬೇಗ ಬನ್ನಿ ಡಾಕ್ಟ್ರೇ, ಬರೋವರ್ಗೂ ನಾನು ಬಿಡಲ್ಲ ಇವನ್ನ.”

ಹಳ್ಳ ದಿಣ್ಣೆ ಅನ್ನದೆ ಎರಡು ಗಂಟೆ ಬೆನ್ನು ಹತ್ತಿದರು. ಟೀಚರ್ ಕ್ಯಾಮೆರಾ ಚೀಲಕ್ಕೆ ತುರುಕಿ, ಎರಡೂ ಕೈಯಲ್ಲಿ ಸರಳು ಹಿಡಿದು, “ಎಡಕ್ಕೆ ಹೋಯ್ತು! ಪೊದೆ ಹಿಂದೆ!” ಎಂದು ಕೂಗುತ್ತಲೇ ಇದ್ದರು.

ಡಾಕ್ಟರ್ ಮುತಿಂತಾ ಬಂದು, ಮತ್ತಿನ ಮದ್ದಿನ ಸೂಜಿ ಹಾರಿಸಿ ನಾಯಿಯನ್ನು ಕೆಡವಿ, ಉರುಲು ಕತ್ತರಿಸಿ ತೆಗೆದರು. ತುಕ್ಕು ಹಿಡಿದಿದ್ದರೂ ಗಂಟು ಹಾಗೇ ಇತ್ತು. ಅದನ್ನು ಬೆಳಕಿಗೆ ಹಿಡಿದು, “ಯಾವ ಪಾಪಿಯ ಕೈಕೆಲಸವೋ ಇದು!” ಎಂದರು.

“ಇನ್ಯಾರದು? ಈ ಕೋತಿ ತಿನ್ನೋನದೇ!” ಟೀಚರ್ ಥಟ್ಟನೆ ಅಂದರು. “ಹುಟ್ಟುಗಳ್ಳರು ಈ ಬೆಂಬಾಗಳು, ಗೊತ್ತಿಲ್ವಾ ನಿಮಗೆ?”

ಡಾಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಸೊಂದೆ ಟೀಚರ್ ಕಡೆ ತಿರುಗಿದ. ಆಕೆ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ್ದ ಚಿತೆಂಗೆ ಬಟ್ಟೆ ಬಿಚ್ಚಿ ಬಾಗಿಲಿನ ತಂತಿಯ ಮೇಲೆ ಹೊದಿಸಿಬಿಟ್ಟಿದ್ದರು. ಈಗ ಅವನು ಮಾಡಬೇಕಾದದ್ದು ಇಷ್ಟೇ: ನಗುತ್ತ, ‘ಹೋಗ್ರೀ ಇಲಿ ತಿನ್ನೋರೇ’ ಅನ್ನುವುದು; ನಿಜವೆಲ್ಲ ಗೇಲಿಯಲ್ಲೇ ಮುಚ್ಚಿಹೋಗುತ್ತಿತ್ತು. ಬಾಯಿತುದಿಗೆ ಬಂದೂ ಇತ್ತು.

ಮದ್ದಿನ ಅಮಲು ಇಳಿದ ನಾಯಿ ತೂರಾಡುತ್ತ ಎದ್ದು ಪೊದೆಯತ್ತ ನಡೆಯಿತು. ಉಳಿದವು ಓಡಿಬಂದು ಅದರ ಕತ್ತಿನ ಗಾಯ ನೆಕ್ಕತೊಡಗಿದವು. ಏಳು ವರ್ಷ ತಿಂದ ಅನ್ನವೆಲ್ಲ ಆ ಸುಳ್ಳು ಆಣೆಯದೇ ಅನ್ನಿಸಿತು ಕಸೊಂದೆಗೆ.

“ಟೀಚರ್ ಗೇಲಿ ಮಾಡ್ತಿಲ್ಲ ಡಾಕ್ಟ್ರೇ. ಇಲ್ನೋಡಿ,” ಎಂದು ಬಾಗಿಲಿನ ಮೇಲಿದ್ದ ಬಟ್ಟೆ ಎಳೆದ.

ಡಾಕ್ಟರ ನಗು ನಿಂತಿತು. ನಾಲ್ಕು ದಿನದಲ್ಲಿ ಒಮ್ಮೆಯೂ ಅವನ ಹೆಸರು ಹಿಡಿದು ಕರೆಯದಿದ್ದ ಟೀಚರ್ ಮೆಲ್ಲಗೆ, “ಕಸೊಂದೆ...” ಎಂದರು.